ಹಾವಗೆಪ್ಪನ ಹೆಸರಲ್ಲಿ ಕೇಳಿದವರು ಯಾರು?

ಪ್ರಶ್ನೆ ಕೇಳಿದ ಮನುಷ್ಯ ಸತ್ತು ಮಣ್ಣಾಗಿ ತಿಂಗಳುಗಳೇ ಕಳೆದಿದ್ದವು.

ನವೊಮಿ ಕನ್ನಡಕ ತೆಗೆದು, ವೇಲಿನ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡಳು. ಪರದೆಯ ಮೇಲಿನ ಸಾಲು ಬದಲಾಗಲಿಲ್ಲ. ಕೇಳಿದವರು: ಹಾವಗೆಪ್ಪ. ಪ್ರಶ್ನೆ: ವೈಜಿನಾಥ ಕಾಕಾನ ಹಿಂಡು ಈಗ ಎಲ್ಲಿ ಅದ? ಅದರ ಕೆಳಗೇ ಉತ್ತರವಿತ್ತು, ಹೊಲದ ಗುರುತು ಸಹಿತ.

"ಅಮೋಲ್, ಇಲ್ಲಿ ಬಾ," ಎಂದಳು. ದನಿ ತನ್ನದೇ ಹೌದೋ ಅಲ್ಲವೋ ಅನ್ನುವಷ್ಟು ಸಣ್ಣಗೆ ಬಂತು.

ಬೀದರದ ನೌಬಾದದಲ್ಲಿನ ಕುರಿಗಾರರ ಸಂಘದ ಆಫೀಸು ಎಂದರೆ ಒಂದು ಕೋಣೆ, ಒಂದು ಕಿಟಕಿ, ಜಂತಿನ ಔಷಧದ ವಾಸನೆ. ಗುಮಾಸ್ತ ಅಮೋಲ್ ಭಜಿ ತಿಂದ ಕೈಯನ್ನು ಕಾಗದಕ್ಕೆ ಒರೆಸುತ್ತ ಎದ್ದು ಬಂದ. ವಯಸ್ಸು ಮೂವತ್ತರ ಆಸುಪಾಸು, ಹೊಟ್ಟೆಗೆ ಮಾತ್ರ ಹತ್ತು ವರ್ಷ ಹೆಚ್ಚು. ಪರದೆ ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದ.

"ಹಾವಗೆಪ್ಪ ಮಾಮಾ? ಮೇಡಂ, ಅವ್ರಿಗಿ ಮಣ್ಣು ಕೊಟ್ಟಾಗ ನಾನೇ ಬಾಜೂಕ ನಿಂತಿದ್ದೆರಿ!"

"ನಾನೂ ಇದ್ದೆ. ಅವರ ಫೋನು ಈಗ ಯಾರ ಬಲ್ಲಿ ಅದ?"

"ಅದೂ ಅವ್ರ ಕೂಡೇ ಹೋಯ್ತಲ್ರಿ. ಕಂಬಳಿ, ತಂಬಾಕದ ಚಂಚಿ, ಫೋನು, ಎಲ್ಲಾ ಕುಣ್ಯಾಗೇ ಇಟ್ಟಾರ. ಅಪ್ಪಗ ಅದಿಲ್ಲಂದ್ರ ನಡ್ಯಂಗಿಲ್ಲ ಅಂತ ಮಲ್ಲೇಶ್ವರಿನೇ ಹಟ ಹಿಡಿದ್ಳು."

ನವೊಮಿ ದೆವ್ವಗಳನ್ನು ನಂಬುವವಳಲ್ಲ, ಚರ್ಚಿನಲ್ಲಿ ಮುಂದಿನ ಬೆಂಚಿಗೆ ಕೂರುವವಳು. ಆದರೆ ಮಣ್ಣಿನೊಳಗಿನ ಫೋನು ಮಗಳ ಜಾಡು ಕೇಳುತ್ತಿದೆ ಎಂದರೆ ಎಂಥ ಗಟ್ಟಿಗಿತ್ತಿಗೂ ಒಂದು ಗಳಿಗೆ ಎದೆ ಝಲ್ಲೆನ್ನದೆ ಇರುತ್ತದೆಯೇ?

ಭಾಲ್ಕಿಯಲ್ಲಿ ದನಕುರಿಗಳ ಔಷಧದ ಅಂಗಡಿ ಇಟ್ಟಿದ್ದ ಮುಜೀಬೋದ್ದೀನನನ್ನು ಇರಿದು ಕೊಂದವನ ಮುಖ ಕಂಡವಳು ಹಾವಗೆಪ್ಪನ ಈ ಮಗಳು ಮಲ್ಲೇಶ್ವರಿ ಒಬ್ಬಳೇ. ಆಗ ಹೊರಗೆ ಗಾಡಿ ಚಾಲೂ ಇಟ್ಟುಕೊಂಡು ಕೂತಿದ್ದ ಇನ್ನೊಬ್ಬನನ್ನು ಅವಳೂ ಕಂಡಿರಲಿಲ್ಲ, ಸಪ್ಪಳವನ್ನಷ್ಟೇ ಕೇಳಿದ್ದಳು. ಅಂದಿನಿಂದ ಕಾಕಾ ವೈಜಿನಾಥನ ಹಿಂಡಿನ ಸಂಗಡ ಔರಾದ ಸೀಮೆಯಲ್ಲಿ ಹೊಲದಿಂದ ಹೊಲಕ್ಕೆ ತಿರುಗುತ್ತಿದ್ದಾಳೆ. ನಡೆದಾಡುವ ಹಿಂಡನ್ನು ಯಾರು ಹುಡುಕಿಯಾರು ಎಂಬ ಧೈರ್ಯ.

ಆ ಧೈರ್ಯ ಎರಡು ಸಲ ಕೈಕೊಟ್ಟಿತ್ತು. ಎರಡು ಸಲವೂ ಮುಖಕ್ಕೆ ಬಟ್ಟೆ ಸುತ್ತಿಕೊಂಡವರು ಬೈಕಿನ ಮೇಲೆ ನೇರ ಬಿಡಾರಕ್ಕೇ ಬಂದಿದ್ದರು. ಮೊದಲ ಸಲ ನಾಯಿಗಳು ಉಳಿಸಿದವು. ಎರಡನೆಯ ಸಲ ಹುಡುಗಿ ತಬ್ಬಲಿ ಮರಿಯೊಂದನ್ನು ಎತ್ತಿಕೊಂಡು, ಅದಕ್ಕೆ ಆಡಿನ ಹಾಲು ಕುಡಿಸಲು ಪಕ್ಕದ ಹೊಲಕ್ಕೆ ಹೋಗಿದ್ದಳು. ಅಷ್ಟರಿಂದ ಜೀವ ಉಳಿಯಿತು. ಮೂರನೆಯ ಸಲವೂ ಹಾಗೇ ಆದೀತು ಎಂದು ಕೈಕಟ್ಟಿ ಕೂರುವಷ್ಟು ನವೊಮಿ ಭೋಳೆ ಹೆಂಗಸಲ್ಲ.

ಸೋಬತಿಯನ್ನು ಜೋಡಿಸಿಕೊಟ್ಟವಳು ಅವಳೇ. ಸೋಬತಿ ಎಂದರೆ ಸಂಘದ ಎಐ ಸಹಾಯಕಿ. ಕುರಿಗಾರರು ಫೋನಿನಲ್ಲಿ ಬಾಯಿಮಾತಿನಲ್ಲೇ ಕೇಳುತ್ತಾರೆ, ಅದು ಬಾಯಿಮಾತಿನಲ್ಲೇ ಹೇಳುತ್ತದೆ. ಅದರ ಬುದ್ಧಿ ಎಲ್ಲೋ ದೂರದ ಕಂಪನಿಯದು. ಕೈಕಾಲು ನವೊಮಿ ಕಟ್ಟಿದ್ದು. ಮಳೆಯ ಸುದ್ದಿ ತರಲು ಒಂದು ಟೂಲ್, ಔಷಧ ಉಳಿದಿದೆಯೇ ನೋಡಲು ಇನ್ನೊಂದು, ಹಿಂಡು ಎಲ್ಲಿದೆ ಹೇಳಲು ಮತ್ತೊಂದು. ಪ್ರತಿ ಹಿಂಡಿನ ಮುಂದಾಳು ಟಗರಿನ ಕೊರಳಲ್ಲಿ ಜಿಪಿಎಸ್ ಪಟ್ಟಿ ಇರುತ್ತದೆ.

ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ಕೂಡಿಸಿಕೊಳ್ಳಲು ರೈತರು ಕೇಳಿದರೆ ಸೋಬತಿ ಊರ ಹೆಸರು ಮಾತ್ರ ಹೇಳುತ್ತದೆ. ಕುರಿಗಳ್ಳರ ಕಾಟ ಕಮ್ಮಿಯೇ? ಹೊಲದ ಗುರುತು ಸಿಗುವುದು ಮನೆಯವರಿಗೆ ಮಾತ್ರ, ಅವರು ಹಿಟ್ಟು, ರೊಟ್ಟಿ ಮುಟ್ಟಿಸಬೇಕಲ್ಲ.

ಬೆಳಗಿನಿಂದ ಅವಳು ಒಂದೊಂದೇ ತುಂಡು ಬಿಚ್ಚಿ ನೋಡಿದ್ದಳು. ಕೊರಳಪಟ್ಟಿ ಸರಿ ಇತ್ತು. ನಕ್ಷೆ ಸರಿ ಇತ್ತು. ಸೋಬತಿಯೂ ತಪ್ಪು ಮಾಡಿರಲಿಲ್ಲ. ಮನೆಯವರು ಕೇಳಿದರು, ಹೇಳಿತು. ಹಾವಗೆಪ್ಪ ವೈಜಿನಾಥನ ಒಡಹುಟ್ಟಿದ ಅಣ್ಣ. ಬೈಕಿನವರು ಬಂದ ಎರಡು ದಿನವೂ, ಅವರು ಬರುವ ಸ್ವಲ್ಪ ಮುಂಚೆ, ಸತ್ತ ಹಾವಗೆಪ್ಪ ಕೇಳಿದ್ದ.

"ಹೆಸರು ಇನ್ನಾ ಯಾಕ ತೆಗ್ದಿಲ್ಲ?"

"ಹ್ಯಾಂಗ ತೆಗೀಲಿರಿ? ವರ್ಷದ ದಿನ ಆಗೋ ತನಕ ಹಿರೇರ ಹೆಸರು ಅಳಿಸ್ಬಾರದು ಅಂತ ಸಂಘದ ಕಟ್ಟಳಿ ಅದ. ಅಳಿಸಿದ್ರ ವೈಜಿನಾಥ ಮಾಮಾ ನನ್ನ ತೊಗಲು ಸುಲೀತಿದ್ದ."

"ಫೋನು ಮಣ್ಣಾಗ ಅದ. ಹಂಗಾದ್ರ ಅವರ ಹೆಸರಲ್ಲಿ ಕೇಳ್ಲಿಕ್ಕಿ ಉಳಿದದ್ದು ಒಂದೇ ಬಾಗ್ಲು. ಯಾವ್ದು, ನೀನೇ ಹೇಳು."

ಅಮೋಲ್‌ನ ಕಣ್ಣು ತನ್ನ ಮೇಜಿನ ಕಂಪ್ಯೂಟರಿನ ಕಡೆ ಹೊರಳಿತು.

ಫೋನು ಬಳಸಲು ಬಾರದ ಮುದುಕರು ಕಿಟಕಿಗೆ ಬಂದು ನಿಲ್ಲುತ್ತಾರೆ. ಗುಮಾಸ್ತ ಅವರ ಹೆಸರು ಆರಿಸಿ, ಅವರ ಪರವಾಗಿ ಸೋಬತಿಯನ್ನು ಕೇಳುತ್ತಾನೆ. ಆ ಸೌಲಭ್ಯ ತೆರೆಯಲು ಉದ್ದನೆಯ ಗುಪ್ತ ಅಕ್ಷರಗಳ ಸಾಲು ಬೇಕು, ಇವರೆಲ್ಲ ಅದಕ್ಕೆ ಕೀಲಿ ಅನ್ನುತ್ತಾರೆ. ಕೀಲಿ ಹಾಕಿದವನು ಯಾರ ಹೆಸರನ್ನಾದರೂ ಆರಿಸಬಹುದು. ಜೀವಂತ ಇದ್ದವರದೇ ಆಗಬೇಕೆಂದಿಲ್ಲ.

"ಬಾಗ್ಲಾ ಹಾಕು," ಎಂದಳು ನವೊಮಿ.

"ಮೇಡಂ..."

"ಹಾಕು ಅಂದೆ."

ಅವನು ಹಾಕಿದ. ಬೆನ್ನು ಬಾಗಿಲಿಗೆ ಆನಿಸಿಯೇ ನಿಂತ.

"ಕೀಲಿ ಯಾರ ಬಲ್ಲಿ ಅದ?"

"ನನ್ನ ಬಲ್ಲೇ ಅದರಿ."

"ನಿನ್ನೊಬ್ಬನ ಬಲ್ಲೇ ಇದ್ರ, ಕೇಳಿದಾಂವ ನೀನೇ ಆದಿ. ತಹಮೀನಾ ಮೇಡಂಗ ಈಗೇ ಫೋನ್ ಹಚ್ಚಲೇನು?"

ಪಿಎಸ್ಐ ತಹಮೀನಾಳ ಹೆಸರು ಕೇಳಿದ್ದೇ ತಡ, ಅಮೋಲ್ ಬಿಳುಚಿಕೊಂಡ.

"ದೇವರಾಣಿ ನಾ ಅಲ್ಲರಿ! ಮಲ್ಲೇಶ್ವರಿ ನನ್ನ ಮುಂದ ಬೆಳೆದ ಹುಡುಗಿರಿ. ನಾನು... ನಾನು ಕೀಲಿ ಗ್ರೂಪಿನ್ಯಾಗ ಹಾಕಿದ್ದೆ."

"ಯಾವ ಗ್ರೂಪು?"

"ನಮ್ಮ ಮೂರು ಆಫೀಸಿನದು. ಭಾಲ್ಕಿ ಸಿಲಾಸ, ಔರಾದ ಶೀತಲ, ನಾನು. ಮುದುಕ್ರು ಅಲ್ಲಿ ಹೋಗಿ ನಿಂದ್ರತಾರ, ಇವ್ರು ನನಗ ಫೋನ್ ಹಚ್ತಾರ, ನಾ ಇಲ್ಲಿ ಕೇಳಿ ಅಲ್ಲಿ ಹೇಳ್ಬೇಕು. ದಿನಾ ಇದೇ ತಮಾಷಾ ಆಗಿತ್ತು. ಬ್ಯಾಸರಾಗಿ, ತೊಗೋರಿ, ನೀವೇ ಕೇಳ್ಕೋರಿ ಅಂತ ಹಾಕಿಬಿಟ್ಟೆರಿ."

ನವೊಮಿ ಹಣೆ ಹಣೆ ಬಡಿದುಕೊಂಡಳು. ಮೂರು ಊರಿಗೆ ಒಂದೇ ಕೀಲಿ! ದಾಖಲೆಯಲ್ಲಿ ಮೂವರೂ ಒಬ್ಬರೇ ಆಗಿ ಕಾಣುತ್ತಾರೆ. ಬೀದರದಿಂದ ಕೇಳಿದರೂ ಅದೇ ಗುರುತು, ಭಾಲ್ಕಿಯಿಂದ ಕೇಳಿದರೂ ಅದೇ, ಔರಾದದಿಂದ ಕೇಳಿದರೂ ಅದೇ. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಮುಸುಕು ಬೇಕೇ?

ಅವಳು ಮತ್ತೊಮ್ಮೆ ಪ್ರಶ್ನೆಯನ್ನು ಓದಿದಳು. ದನಿ ಉಳಿಸಿಡಬಾರದೆಂದು ಕುರಿಗಾರರೇ ಹಟ ಹಿಡಿದಿದ್ದರಿಂದ ಅಕ್ಷರ ಮಾತ್ರ ಉಳಿದಿತ್ತು. ವೈಜಿನಾಥ ಕಾಕಾನ ಹಿಂಡು.

"ಅಮೋಲ್, ನೀ ವೈಜಿನಾಥಗ ಏನಂತಿ?"

"ಮಾಮಾ ಅಂತೇನಿ. ಯಾಕರಿ?"

"ಸಿಲಾಸ?"

"ಅಣ್ಣಾ ಅಂತಾನ. ಶೀತಲ ಅಜ್ಜ ಅಂತಾಳ, ಅವ್ರಿಗಿ ಸಿಟ್ಟು ಬರ್ತದ ಅದಕ್ಕ."

ಹಾವಗೆಪ್ಪನಂತೂ ಸ್ವಂತ ತಮ್ಮನನ್ನು ಕಾಕಾ ಅನ್ನುತ್ತಿರಲಿಲ್ಲ. ಹಾಗಿದ್ದರೆ ಕಾಕಾ ಎಂದವರು ಯಾರು? ಬೇಕೆಂದೇ ಬೇರೆ ಮಾತು ಬಳಸಿರಬಹುದು ಎಂದುಕೊಂಡು ಅವಳು ಅದನ್ನು ಅಲ್ಲಿಗೇ ಬಿಟ್ಟಳು. ಬಿಡಬಾರದಿತ್ತು.

ತಲೆಯಲ್ಲಿ ಆಗ ಬೇರೆಯದೇ ಗಡಿಬಿಡಿ. ಈ ಮಧ್ಯಾಹ್ನ ಮಲ್ಲೇಶ್ವರಿ ಬೀದರದ ಕೋರ್ಟಿನಲ್ಲಿ ಹೇಳಿಕೆ ಕೊಡಬೇಕಿತ್ತು, ತಹಮೀನಾ ಅಲ್ಲೇ ಕಾಯುತ್ತಿದ್ದಳು. ಪೊಲೀಸ್ ಜೀಪು ಹೋದರೆ ಇಡೀ ತಾಲೂಕಿಗೆ ಡಂಗುರ ಸಾರಿದ ಹಾಗೆ. ಅದಕ್ಕೇ ನವೊಮಿ ತನ್ನ ಅಣ್ಣ ಬೆಂಜಮಿನನನ್ನು ಕಳಿಸಿದ್ದಳು. ಸಂಘದ ಔಷಧದ ಗಾಡಿ ಓಡಿಸುವವನು ಅವನೇ, ಬೀದರ, ಭಾಲ್ಕಿ, ಔರಾದ ಎಂದು ದಿನಾ ತಿರುಗುವ ಗಾಡಿಯನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ.

ಅವನು ಔರಾದ ಬಸ್ ಸ್ಟ್ಯಾಂಡಿನಲ್ಲಿ ಕಾಯುವುದು, ವೈಜಿನಾಥ ಹುಡುಗಿಯನ್ನು ಅಲ್ಲಿಗೇ ಕರೆತರುವುದು ಎಂದು ಮಾತಾಗಿತ್ತು. ಯಾವ ಹೊಲ ಎಂಬುದನ್ನು ಅವಳು ಅಣ್ಣನಿಗೂ ಹೇಳಿರಲಿಲ್ಲ. ಅನುಮಾನದಿಂದಲ್ಲ, ಎಷ್ಟು ಕಡಿಮೆ ಬಾಯಿಗೆ ಬಿದ್ದರೆ ಅಷ್ಟು ಒಳ್ಳೆಯದು ಎಂದು.

"ನೀ ಕುಡ್ರು," ಎಂದಳು ಅಮೋಲ್‌ಗೆ. "ಇಲ್ಲಿಂದ ಅಲ್ಲಾಡಬ್ಯಾಡ."

ಹಳೆಯ ಕೀಲಿಯನ್ನು ರದ್ದು ಮಾಡಿದಳು. ಹೊಸದಾಗಿ ಮೂರು ಕೀಲಿ ಮಾಡಿ, ಬೀದರಕ್ಕೊಂದು, ಭಾಲ್ಕಿಗೊಂದು, ಔರಾದಕ್ಕೊಂದು ಎಂದು ಗುರುತು ಹಚ್ಚಿದಳು. ಇನ್ನು ಮೇಲೆ ಯಾವ ಕೀಲಿಯಿಂದ ಪ್ರಶ್ನೆ ಬಂತು ಎಂಬುದೂ ದಾಖಲೆಯಲ್ಲಿ ಬೀಳಬೇಕು. ಬರೀ ಬಾಗಿಲು ಮುಚ್ಚಿದರೆ ಕಳ್ಳ ಎಚ್ಚರಾಗುತ್ತಾನೆ. ಅದಕ್ಕೆ ಹಾವಗೆಪ್ಪನ ಹೆಸರಲ್ಲಿ ಯಾರೇ ಕೇಳಿದರೂ, ಭಾಲ್ಕಿ ರಸ್ತೆಯ ಒಂದು ಖಾಲಿ ಹೊಲದ ಗುರುತು ಕೊಡುವಂತೆ ಸೋಬತಿಗೆ ಕಟ್ಟು ಹಾಕಿದಳು. ಬೈಕಿನವರು ಬೇಕಾದರೆ ಅಲ್ಲಿ ಹೋಗಿ ಮುಳ್ಳುಕಂಟಿ ಎಣಿಸುತ್ತ ಕೂರಲಿ.

ಕೆಲಸ ಆಯಿತೇ ಎಂದು ಪರೀಕ್ಷಿಸಬೇಕಲ್ಲ. ಮೂರೂ ಕೀಲಿಯಿಂದ, ಸತ್ತವನ ಹೆಸರಲ್ಲಿ, ತಾನೇ ಕೇಳಿದಳು. ಮೂರು ಸಲವೂ ಸೋಬತಿ ಸುಳ್ಳು ಹೊಲವನ್ನೇ ಹೇಳಿತು.

"ಯೇಸಪ್ಪಾ," ಎಂದು ನವೊಮಿ ಉಸಿರು ಬಿಟ್ಟಳು.

ಕಿಟಕಿಯ ಹತ್ತಿರ ಹೋಗಿ ಭಾಲ್ಕಿಯ ಸಿಲಾಸನಿಗೆ ಫೋನ್ ಮಾಡಿ ಅವನ ಕೀಲಿ ಬರೆಸಿದಳು. ಅವನು ಒಂದೊಂದು ಅಕ್ಷರವನ್ನೂ ಎರಡೆರಡು ಸಲ ಕೇಳಿದ. ಔರಾದದ ಶೀತಲಳಿಗೆ ಬರೆಸುವಾಗ ಮೂರು ಸಲ ಲೈನು ಕಟ್ಟಾಯಿತು. ಯಾರ ದನಿಯಲ್ಲಾದರೂ ಗಾಬರಿ ಇದೆಯೇ ಎಂದು ಕಿವಿಗೊಟ್ಟು ಕೇಳಿದಳು. ಇಬ್ಬರಲ್ಲೂ ಬೇಸರ ಮಾತ್ರ ಇತ್ತು.

ತಿರುಗಿ ಬಂದು ಕುರ್ಚಿಯಲ್ಲಿ ಕೂತಾಗ ದಾಖಲೆಯಲ್ಲಿ ಹೊಸ ಸಾಲೊಂದು ಬಿದ್ದಿತ್ತು.

ಕೇಳಿದವರು: ಹಾವಗೆಪ್ಪ. ಪ್ರಶ್ನೆ: ವೈಜಿನಾಥ ಕಾಕಾನ ಹಿಂಡು ಈಗ ಎಲ್ಲಿ ಅದ?

ಬಲೆಗೆ ಬಿದ್ದ! ನವೊಮಿಯ ಎದೆ ಹಿಗ್ಗಿತು. ಕಣ್ಣು ಉತ್ತರದ ಸಾಲಿಗೆ ಇಳಿಯಿತು, ಅಲ್ಲಿಗೇ ಹಿಗ್ಗೆಲ್ಲ ಇಳಿದುಹೋಯಿತು. ಸೋಬತಿ ಭಾಲ್ಕಿ ರಸ್ತೆಯ ಹೊಲವನ್ನು ಹೇಳಿರಲಿಲ್ಲ. ಔರಾದದ ಆಚೆ, ತೊಗರಿ ಕೊಯ್ದ ಹೊಲ, ಹಳೇ ಬಾವಿಯ ಬಾಜೂಕ. ವೈಜಿನಾಥನ ಬಿಡಾರ ನಿಜವಾಗಿ ಇದ್ದದ್ದು ಅಲ್ಲೇ.

"ಏನಾಯ್ತ್ರಿ ಮೇಡಂ?"

ಅವಳು ಕಟ್ಟು ಹಾಕಿದ ಸಾಲುಗಳನ್ನು ನೋಡಿದಳು, ಇದ್ದವು. ಕೀಲಿಗಳನ್ನು ನೋಡಿದಳು, ಮೂರೂ ಸರಿ ಇದ್ದವು. ಹಾಗಾದರೆ ಕಟ್ಟನ್ನು ದಾಟಿ ಪ್ರಶ್ನೆ ಒಳಗೆ ಹೋಗಿದ್ದು ಹೇಗೆ? ಕಡೆಗೆ ಆ ಸಾಲಿನ ಕೀಲಿಯ ಗುರುತನ್ನು ತೆರೆದಳು.

ಬೀದರದ್ದಲ್ಲ. ಭಾಲ್ಕಿಯದಲ್ಲ. ಔರಾದದ್ದಲ್ಲ.

ಹಿಂದಿನಿಂದ ಬಗ್ಗಿ ನೋಡುತ್ತಿದ್ದ ಅಮೋಲ್ ಮೆಲ್ಲಗೆ ಅಂದ, "ಮೇಡಂ, ಇದು ನಿಮ್ಮ ಕೀಲಿ ಅಲ್ಲೇನ್ರಿ?"

ಹೌದು, ಅವಳದೇ. ಸೋಬತಿ ಕೆಟ್ಟಾಗ ಒಳಗೆ ಹೋಗಿ ರಿಪೇರಿ ಮಾಡಲು ಇಟ್ಟುಕೊಂಡದ್ದು, ಅದರಿಂದಲೂ ಯಾರ ಹೆಸರಲ್ಲಾದರೂ ಕೇಳಬಹುದಿತ್ತು. ಆಫೀಸಿನ ಕೀಲಿಗಳ ದಾರಿಯಲ್ಲಷ್ಟೇ ಅವಳು ಕಟ್ಟು ಹಾಕಿದ್ದಳು. ತನ್ನ ಕೀಲಿಗೂ ಕಟ್ಟು ಬೇಕು ಎಂದು ಯಾರಿಗಾದರೂ ಹೊಳೆಯುತ್ತದೆಯೇ? ಅದನ್ನು ಅವಳು ಎಂದೂ ಯಾರಿಗೂ ಕೊಟ್ಟಿರಲಿಲ್ಲ.

ಅಮೋಲ್ ಈಗ ಅವಳನ್ನು ನೋಡುತ್ತಿದ್ದ ರೀತಿಯೇ ಬೇರೆಯಾಗಿತ್ತು. ಸ್ವಲ್ಪ ಹೊತ್ತಿನ ಹಿಂದೆ ಅವಳು ಅವನನ್ನು ಹಾಗೇ ನೋಡಿದ್ದಳು.

"ನಾ ನಿನ್ನ ಕಣ್ಣ ಮುಂದೇ ಇದ್ದೆನಲ್ಲೋ," ಎಂದಳು.

"ಹೌದ್ರಿ. ಅದಕ್ಕೇ ಹೆದರಿಕಿ ಆಗ್ಲಕತ್ತದ. ನೀವಲ್ಲಂದ್ರ ಮತ್ಯಾರು?"

ಯಾರು? ಆ ಕೀಲಿ ಅವಳ ಲ್ಯಾಪ್‌ಟಾಪಿನಲ್ಲಿತ್ತು. ಅವಳ ಫೋನಿನಲ್ಲಿತ್ತು. ಮತ್ತೆಲ್ಲಿ?

ಆಗ ನೆನಪಾಯಿತು. ಚಿದ್ರಿಯ ಮನೆ, ಭಾನುವಾರ, ಚರ್ಚು ಮುಗಿಸಿ ಬಂದು ಎಲ್ಲರೂ ಊಟಕ್ಕೆ ಕೂತ ಹೊತ್ತು. ಸೋಬತಿಯನ್ನು ಆಗಷ್ಟೇ ಜೋಡಿಸುತ್ತಿದ್ದ ದಿನಗಳು. ಅವಳ ಫೋನಿನ ಗಾಜು ಒಡೆದು ರಿಪೇರಿಗೆ ಹೋಗಿತ್ತು. "ಜರಾ ನಿನ್ನ ಫೋನ್ ಕೊಡಣ್ಣಾ" ಎಂದು ಬೆಂಜಮಿನನ ಫೋನಿನಲ್ಲೇ ತನ್ನ ಕೀಲಿ ಹಾಕಿ ಪರೀಕ್ಷೆ ಮಾಡಿದ್ದಳು. ಅವನು ಫೋನು ಕಸಿದುಕೊಂಡು, "ಸೋಬತಿ, ನಮ್ಮ ನವೊಮಿಗಿ ವರ ಎಲ್ಲಿ ಸಿಗ್ತಾನ?" ಎಂದು ಕೇಳಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ನಗುವಿನ ಭರದಲ್ಲಿ ಆ ಕೀಲಿಯನ್ನು ತೆಗೆಯುವುದು ಮರೆತೇಹೋಗಿತ್ತು.

ಮತ್ತೆ ಕಾಕಾ. ಅಪ್ಪ ದನದ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದಾಗ ಮನೆಗೆ ಬರುತ್ತಿದ್ದ ವೈಜಿನಾಥನನ್ನು ಚಿಕ್ಕಂದಿನಿಂದ ಕಾಕಾ ಎಂದು ಕರೆದ ಆ ಮನೆಯ ಮಕ್ಕಳು ಇಬ್ಬರು. ಒಬ್ಬಳು ಈಗ ಈ ಕುರ್ಚಿಯಲ್ಲಿ ಕೂತಿದ್ದಳು.

ಇಲ್ಲ, ಇಲ್ಲ. ಅಣ್ಣ ಅಲ್ಲ. ಅವನ ಫೋನನ್ನು ಯಾರೋ ಕದ್ದಿರಬೇಕು. ಅಪ್ಪ ತೀರಿಕೊಂಡ ಮೇಲೆ ಅವಳ ಕಾಲೇಜಿನ ಫೀಸಿಗಾಗಿ ತನ್ನ ಓದು ಬಿಟ್ಟು ಸ್ಟೇರಿಂಗ್ ಹಿಡಿದ ಮನುಷ್ಯ ಅವನು. ಬೆಳಿಗ್ಗೆ ಹೊರಡುವಾಗ ಅವಳ ತಲೆ ಸವರಿ, "ಹುಡುಗಿಗಿ ಏನೂ ಆಗಂಗಿಲ್ಲ, ನೀ ಆರಾಮ ಇರು" ಎಂದು ಹೇಳಿ ಹೋದವನು. ನವೊಮಿಗೆ ಅಳು ನುಗ್ಗಿ ಬಂತು, ಅಳಲು ಪುರಸತ್ತಿರಲಿಲ್ಲ.

ತನ್ನ ಕೀಲಿಯನ್ನು ರದ್ದು ಮಾಡಿದಳು. ವೈಜಿನಾಥನಿಗೆ ಫೋನ್ ಹಚ್ಚಿದಳು. ಸಂಪರ್ಕದಲ್ಲಿಲ್ಲ ಎಂದಿತು. ಮತ್ತೆ ಹಚ್ಚಿದಳು. ಮತ್ತೆ. ಔರಾದ ಬಸ್ ಸ್ಟ್ಯಾಂಡಿನಿಂದ ಆ ಹೊಲಕ್ಕೆ ಗಾಡಿಯಲ್ಲಿ ಹೋಗಲು ಎಷ್ಟು ಹೊತ್ತು ಬೇಕು? ಅವಳು ಸಿಲಾಸನಿಗೆ ಅಕ್ಷರ ಬರೆಸುತ್ತ ನಿಂತಿದ್ದಷ್ಟು ಹೊತ್ತೇ ಸಾಕು.

ಕಡೆಗೊಮ್ಮೆ ಆ ಕಡೆಯಿಂದ ಗಾಳಿಯ ಸಪ್ಪಳ, ಕುರಿಗಳ ಸಪ್ಪಳ, ವೈಜಿನಾಥನ ದೊಡ್ಡ ದನಿ ಬಂದವು. "ಹಲೋ, ಯಾರದು?"

"ಕಾಕಾ, ನಾ ನವೊಮಿ. ಮಲ್ಲೇಶ್ವರಿ ಎಲ್ಲಿ? ಆಕಿನ್ನ ಎಲ್ಲೂ ಕಳಿಸಬ್ಯಾಡ್ರಿ!"

"ಹೋದ್ಳಲ್ಲವ್ವಾ! ಬೆಂಜಮಿನ ಹೊಲಕ್ಕೇ ಬಂದಿದ್ದನಲ್ಲ. ಬಸ್ ಸ್ಟ್ಯಾಂಡಿನ್ಯಾಗ ಮಂದಿ ಬಾಳ ಅದ, ನವೊಮಿನೇ ಇಲ್ಲಿಗಿ ಕಳಿಸ್ಯಾಳ ಅಂದ. ಹತ್ತಿಸಿ ಕಳಿಸಿದೆ."

ಆ ಹೊಲದ ಗುರುತನ್ನು ನವೊಮಿ ಅಣ್ಣನಿಗೆ ಹೇಳಿರಲೇ ಇಲ್ಲ.

"ಗಾಡ್ಯಾಗ ಬೆಂಜಮಿನ ಒಬ್ಬನೇ ಇದ್ದನೇನು ಕಾಕಾ?"

"ಹಿಂದ ಇನ್ನೊಬ್ಬ ಕುಂತಂಗಿತ್ತು. ಇಳೀಲಿಲ್ಲ, ಮಾರಿ ಕಾಣಲಿಲ್ಲ. ಔಷಧ ಇಳಿಸೋ ಆಳು ಇರಬೇಕು ಅಂದ್ಕೊಂಡೆ. ಆ ತಬ್ಬಲಿ ಮರಿ ಬಿಟ್ಟು ಬರಂಗಿಲ್ಲ ಅಂತ ಹುಡುಗಿ ಹಟ ಮಾಡಿದ್ಳು, ಅದನ್ನೂ ಹತ್ತಿಸಿಕೊಂಡು ಹೋದ್ರು. ಯಾಕವ್ವಾ? ಏನಾಯ್ತು?"

ಲೈನು ಕಟ್ಟಾಯಿತು. ನವೊಮಿ ಫೋನನ್ನು ನೋಡುತ್ತಲೇ ನಿಂತಳು. ತಹಮೀನಾಳ ನಂಬರು ಹುಡುಕಬೇಕು, ಈಗಲೇ ಹುಡುಕಬೇಕು ಎಂದು ಬೆರಳಿಗೆ ಹೇಳುತ್ತಿದ್ದಳು. ಅಷ್ಟರಲ್ಲಿ ಫೋನೇ ರಿಂಗಾಯಿತು.

ಬೆಂಜಮಿನ ಅಣ್ಣ.

ಅಮೋಲ್‌ಗೆ ಕೈಯಲ್ಲೇ ಸನ್ನೆ ಮಾಡಿದಳು, ನಿನ್ನ ಫೋನಿನಿಂದ ತಹಮೀನಾಗೆ ಹಚ್ಚು ಎಂದು. ತಾನು ಉಸಿರು ಹಿಡಿದು ಫೋನು ಕಿವಿಗೆ ಇಟ್ಟುಕೊಂಡಳು.

"ನವೋ," ಬೆಂಜಮಿನನ ದನಿ ದಿನದಂತೆಯೇ ಇತ್ತು, ಒಂದಿಷ್ಟೂ ಆತುರವಿಲ್ಲದೆ. "ನಾ ಔರಾದ ಬಸ್ ಸ್ಟ್ಯಾಂಡಿನ್ಯಾಗೇ ನಿಂತೀನಿ. ಹುಡುಗಿ ಇನ್ನಾ ಬಂದಿಲ್ಲಲ್ಲ. ಕಾಕಾಗ ಫೋನ್ ಹಚ್ಚಿದ್ದೇನು?"

"ಇಲ್ಲಣ್ಣಾ," ಎಂದಳು ನವೊಮಿ. ಜೀವಮಾನದಲ್ಲಿ ಅಣ್ಣನಿಗೆ ಹೇಳಿದ ಮೊದಲ ಸುಳ್ಳು ಅದು. "ಬರ್ತಾರ. ಅಲ್ಲೇ ನಿಂದ್ರು."

"ಆಯ್ತು, ನಿಂದ್ರತೇನಿ."

ಅವನ ದನಿಯ ಹಿಂದೆ, ಬಹಳ ಹತ್ತಿರದಲ್ಲೇ, ಹಾಲು ಬಿಡದ ಮರಿಯೊಂದು ಬ್ಯಾ ಎಂದು ಕೂಗಿತು. ಇನ್ನೊಮ್ಮೆ ಕೂಗಲು ಬಾಯಿ ತೆರೆಯಿತು, ಅರ್ಧಕ್ಕೇ ಯಾರೋ ಅದರ ಬಾಯಿ ಒತ್ತಿ ಹಿಡಿದರು.